ನೆನಪು ಬರುವ ಹೊತ್ತು: ಮಿದುಳಿನ ಲಯಗಳು ಮತ್ತು ಸ್ಮರಣೆ



ತಂದೆ ತಾಯಿಯ ನೆನಪಿಗೆಂದು ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ಇಂಥ ವೇದಿಕೆಯಲ್ಲಿ ನೆನಪಿನ ಬಗ್ಗೆಯೇ ಮಾತಾಡಬೇಕೆಂದು ಸಂಘಟಕರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಮೂವತ್ತು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗಕ್ರಿಯಾಶಾಸ್ತ್ರ ಕಲಿಸಿದವನು ನಾನು. ಮಿದುಳಿನ ಪಾಠ ಬಂದಾಗಲೆಲ್ಲ ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಪ್ರಸಂಗದಿಂದ ಶುರು ಮಾಡುತ್ತಿದ್ದೆ. ಇಂದೂ ಅಲ್ಲಿಂದಲೇ ಹೊರಡುತ್ತೇನೆ.

ನಮ್ಮ ತಾಯಿಗೆ ಆಗ ಎಂಬತ್ತು ದಾಟಿತ್ತು. ಒಂದು ಸಂಜೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಾಲ್ಯದ ಗೆಳತಿಯೊಬ್ಬರ ಮದುವೆಯ ಕತೆ ಹೇಳುತ್ತಾ ಹೇಳುತ್ತಾ ಥಟ್ಟನೆ ನಿಂತರು. ಗೆಳತಿಯ ಹೆಸರು ಬರಲಿಲ್ಲ. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಕಣ್ಣು ಅಂಗಳದ ಕಡೆಗಿತ್ತು, ಆದರೆ ಅವರು ಅಂಗಳವನ್ನು ನೋಡುತ್ತಿರಲಿಲ್ಲ. ಸಹಾಯ ಮಾಡೋಣವೆಂದು ನಾನು ಒಂದಾದ ಮೇಲೊಂದು ಹೆಸರು ಹೇಳತೊಡಗಿದೆ: ಸಾವಿತ್ರಿಯೇ? ಲಲಿತೆಯೇ? ಅಮ್ಮ ಕೈಯೆತ್ತಿ ತಡೆದರು. "ಸುಮ್ನಿರಪ್ಪ, ಬರ್ತಾ ಇತ್ತು. ನೀನು ಅಡ್ಡ ಬಂದೆ" ಅಂದರು. ಇನ್ನೂ ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಹೆಸರು ತಾನಾಗಿ ಬಂತು.

"ಬರ್ತಾ ಇತ್ತು." ಈ ಎರಡು ಪದಗಳ ಮೇಲೆ ನಾನು ಬಹಳ ವರ್ಷ ಯೋಚಿಸಿದ್ದೇನೆ. ಕನ್ನಡದಲ್ಲಿ ನಾವು "ನನಗೆ ನೆನಪಾಯಿತು" ಎನ್ನುತ್ತೇವೆ, "ನನಗೆ ನೆನಪು ಬಂತು" ಎನ್ನುತ್ತೇವೆ. ಹಸಿವಾಯಿತು, ನಿದ್ದೆ ಬಂತು, ಅಳು ಬಂತು ಎನ್ನುವ ಹಾಗೆಯೇ. ಆಗುವುದು, ಬರುವುದು ನೆನಪಿನ ಕೆಲಸ. ನಾನು ಅದು ಬಂದು ತಲುಪುವ ಜಾಗ. ನಮ್ಮ ಭಾಷೆ ಯಾವ ಉಪಕರಣವೂ ಇಲ್ಲದ ಕಾಲದಲ್ಲೇ ಕಂಡುಕೊಂಡ ಈ ಸಂಗತಿ ಎಷ್ಟು ನಿಖರವಾದದ್ದು ಎಂಬುದನ್ನು ಮಿದುಳಿನ ವಿಜ್ಞಾನ ಕಳೆದ ಕೆಲವು ದಶಕಗಳಲ್ಲಿ ತೋರಿಸುತ್ತಾ ಬಂದಿದೆ. ನೆನಪು ಬರುವುದಕ್ಕೆ ಒಂದು ಹೊತ್ತಿದೆ, ಒಂದು ಲಯವಿದೆ. ಆ ಲಯ ಕೂಡಿದರೆ ನೆನಪು ಬರುತ್ತದೆ. ಇದೇ ಇಂದಿನ ನನ್ನ ಮಾತಿನ ತಿರುಳು.

ಬರ್ಗರ್ ಕಂಡ ಅಲೆ

ಮಿದುಳು ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ ಎಂಬುದನ್ನು ಲಿವರ್‌ಪೂಲ್‌ನ ರಿಚರ್ಡ್ ಕೇಟನ್ 1875ರಲ್ಲೇ ಮೊಲ, ಕೋತಿಗಳ ಮಿದುಳಿನಲ್ಲಿ ಕಂಡಿದ್ದರು. ಮನುಷ್ಯನ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಅವರ ಹುಡುಕಾಟದ ಹಿಂದೆ ಒಂದು ಘಟನೆ ಇತ್ತು. 1890ರ ದಶಕದಲ್ಲಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾದರು. ಅದೇ ದಿನ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎಂಬ ತಳಮಳ ಹುಟ್ಟಿತು. ಅವಳ ಒತ್ತಾಯಕ್ಕೆ ತಂದೆ ತಂತಿ ಕಳಿಸಿದರು. ಮನಸ್ಸಿನಿಂದ ಹೊರಡುವ ಶಕ್ತಿಯನ್ನು ಅಳೆಯಲೇಬೇಕೆಂದು ಬರ್ಗರ್ ಹಟ ಹಿಡಿದದ್ದು ಆಗ. ಮನಸ್ಸಿನಿಂದ ಮನಸ್ಸಿಗೆ ಹೋಗುವ ಸಂದೇಶ ಅವರಿಗೆ ಸಿಗಲಿಲ್ಲ. ಅದರ ಬದಲು 1924ರಲ್ಲಿ ತಲೆಯ ಮೇಲಿಂದ ಸಣ್ಣದೊಂದು ಅಲೆ ಸಿಕ್ಕಿತು. ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿ 1929ರಲ್ಲಿ ಅದನ್ನು ಪ್ರಕಟಿಸಿದರು. ಜಗತ್ತು ಸುಲಭಕ್ಕೆ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ಖಚಿತಪಡಿಸಿದ ಮೇಲೆ ಇಇಜಿ ಎಂಬ ಪರೀಕ್ಷೆ ಎಲ್ಲೆಡೆಯ ಆಸ್ಪತ್ರೆ ಸೇರಿತು.

ಇಇಜಿ ಮಾಡಿಸಿಕೊಂಡವರು ಈ ಸಭೆಯಲ್ಲೂ ಇರಬಹುದು. ತಲೆಯ ಮೇಲೆ ಟೇಪಿನಿಂದ ಅಳತೆ ಹಿಡಿದು ಗುರುತು ಹಾಕುತ್ತಾರೆ. ಪೇಸ್ಟ್ ಹಚ್ಚಿ, ಬಟ್ಟಲಿನಂಥ ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸುತ್ತಾರೆ. "ಕಣ್ಣು ಮುಚ್ಚಿ, ಸಡಿಲವಾಗಿ ಮಲಗಿ" ಎನ್ನುತ್ತಾರೆ. ಕಣ್ಣು ಮುಚ್ಚಿದ ಕ್ಷಣಕ್ಕೆ ತಲೆಯ ಹಿಂಭಾಗದ ಗೆರೆಗಳು ಸೆಕೆಂಡಿಗೆ 8ರಿಂದ 13 ಬಾರಿ ಒಂದೇ ಸಮನೆ ತೂಗತೊಡಗುತ್ತವೆ. ಕಣ್ಣು ತೆರೆದರೆ ತೂಗಾಟ ನಿಂತುಹೋಗುತ್ತದೆ. ಬರ್ಗರ್ ಕಂಡ ಆಲ್ಫಾ ಲಯ ಇದೇ. ಅದರ ಬಲ ಸುಮಾರು 50 ಮೈಕ್ರೋವೋಲ್ಟ್ ಎಂದಿಟ್ಟುಕೊಳ್ಳಿ: ಟಾರ್ಚಿನ ಒಂದು ಸೆಲ್ಲಿನ ಮೂವತ್ತು ಸಾವಿರದ ಒಂದು ಪಾಲು. ಪ್ರಾಯೋಗಿಕ ತರಗತಿಯಲ್ಲಿ ಈ ಗೆರೆಯನ್ನು ಮೊದಲ ಸಲ ಕಂಡಾಗ ವಿದ್ಯಾರ್ಥಿಗಳು ಮೌನವಾಗುತ್ತಿದ್ದರು. ಪ್ರತಿ ವರ್ಷವೂ ಅದೇ ಮೌನ.

ಇತರ ಲಯಗಳು ಆಮೇಲೆ ಒಂದೊಂದಾಗಿ ಸಿಕ್ಕವು. ಸೆಕೆಂಡಿಗೆ 4ರಿಂದ 8 ಸಲ ತೂಗುವುದು ಥೀಟಾ. 30ಕ್ಕಿಂತ ಹೆಚ್ಚು ಸಲ ಮಿಡಿಯುವುದು ಗಾಮಾ. ಗಾಢ ನಿದ್ದೆಯಲ್ಲಿ ಸೆಕೆಂಡಿಗೆ ಒಂದಕ್ಕಿಂತಲೂ ಕಡಿಮೆ ಸಲ ಏಳುವ ನಿಧಾನದ ದೊಡ್ಡ ಅಲೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ರಿಪಲ್: ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ಇದ್ದು ಮಾಯವಾಗುವ ಕಿರುಅಲೆ. ಮನುಷ್ಯನಲ್ಲಿ ಇದು ಸೆಕೆಂಡಿಗೆ 80ರಿಂದ 120 ಬಾರಿಯ ವೇಗದಲ್ಲಿ ಕಂಪಿಸುತ್ತದೆ.

ಕಡಲ್ಗುದುರೆ ಮತ್ತು ಹೆನ್ರಿ

ಇನ್ನು ನೆನಪಿಗೆ ಬರೋಣ. ಕಿವಿಯಿಂದ ಒಳಕ್ಕೆ ಹೋದರೆ, ಮಿದುಳಿನ ಎರಡೂ ಪಕ್ಕದಲ್ಲಿ ಸುರುಳಿಯಾಗಿ ಮಲಗಿದ ಒಂದು ಅಂಗವಿದೆ. ಆಕಾರ ಕಡಲ್ಗುದುರೆಯಂತಿರುವುದರಿಂದ ಗ್ರೀಕ್ ಮೂಲದ ಹಿಪೊಕ್ಯಾಂಪಸ್ ಎಂಬ ಹೆಸರು ಬಿತ್ತು. ಅದರ ಬೆಲೆಯನ್ನು ಜಗತ್ತಿಗೆ ಕಲಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ಹತೋಟಿಗೆ ಬಾರದ ಮೂರ್ಛೆರೋಗಕ್ಕಾಗಿ 1953ರಲ್ಲಿ ಶಸ್ತ್ರಚಿಕಿತ್ಸಕ ವಿಲಿಯಂ ಸ್ಕೋವಿಲ್ ಅವರ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಘಟನೆ ಯಾವುದೂ ಹೆನ್ರಿಯ ಮನಸ್ಸಿನಲ್ಲಿ ನಿಲ್ಲಲಿಲ್ಲ. ಮಾಂಟ್ರಿಯಲ್‌ನಿಂದ ಬಂದು ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವರಿಗೆ ಹೊಸಬರೇ. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ತಿದ್ದುವ ಅಭ್ಯಾಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಆ ಅಭ್ಯಾಸವನ್ನು ಹಿಂದೆ ಮಾಡಿದ್ದೇನೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ವಿಜ್ಞಾನ ಸಾಹಿತ್ಯ ಅವರನ್ನು ಎಚ್.ಎಂ. ಎಂಬ ಎರಡಕ್ಷರದಲ್ಲಿ ಕರೆಯಿತು. ಒಂದು ಇಡೀ ಶಾಸ್ತ್ರ ಅವರಿಗೆ ಋಣಿಯಾಗಿದೆ.

ಹೆನ್ರಿಗೆ ಬಾಲ್ಯದ ವಿಷಯಗಳು ತಿಳಿದಿದ್ದವು. ಅಂದಮೇಲೆ ನೆನಪೆಲ್ಲವೂ ಹಿಪೊಕ್ಯಾಂಪಸ್ಸಿನಲ್ಲಿ ಕೂಡಿಟ್ಟಿರುವುದಿಲ್ಲ. ಒಂದು ಮದುವೆಯನ್ನು ನೆನೆದುಕೊಳ್ಳಿ. ಚಪ್ಪರದ ನೋಟ ದೃಷ್ಟಿಯ ಭಾಗದಲ್ಲಿ, ವಾಲಗದ ಸದ್ದು ಶ್ರವಣದ ಭಾಗದಲ್ಲಿ, ಹೋಳಿಗೆಯ ಪರಿಮಳ ವಾಸನೆಯ ಭಾಗದಲ್ಲಿ ಚದರಿ ಉಳಿದಿರುತ್ತವೆ. ಯಾವುದರ ಜೊತೆ ಯಾವುದು ಎಂಬ ಗಂಟು ಇರುವುದು ಹಿಪೊಕ್ಯಾಂಪಸ್ಸಿನಲ್ಲಿ. ಒಂದು ಎಳೆ ಎಳೆದರೆ ಸಾಕು, ಇಡೀ ಗಂಟು ಅಲುಗುತ್ತದೆ. ಎಲ್ಲಿಂದಲೋ ವಾಲಗ ಕೇಳಿಸಿದರೆ ಚಪ್ಪರವೂ ಹೋಳಿಗೆಯೂ ಒಟ್ಟಿಗೆ ಕಣ್ಮುಂದೆ ಬರುತ್ತವೆ. ಇಂಗ್ಲೆಂಡಿನ ಡೇವಿಡ್ ಮಾರ್ 1971ರಲ್ಲಿ ಇದಕ್ಕೊಂದು ಗಣಿತದ ಮಾದರಿ ಕಟ್ಟಿದರು: ತುಣುಕು ಕೊಟ್ಟರೆ ಇಡಿಯನ್ನು ತುಂಬಿಕೊಡುವ ಜಾಲ.

ಲಯ ಏಕೆ ಬೇಕು?

ಚದರಿದ ತುಣುಕುಗಳು ಒಂದೇ ಕ್ಷಣದಲ್ಲಿ ಕೂಡುವುದು ಹೇಗೆ? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಎಲ್ಲವೂ ಬೇಕೆಂದಾಗ ಬೇಕಾದ ಹಾಗೆ ಮಿಡಿದರೆ ಸಂತೆಯ ಗದ್ದಲವಾಗುತ್ತದೆ, ಮಾತು ಹುಟ್ಟುವುದಿಲ್ಲ. ಇಲ್ಲಿ ಲಯ ಕೆಲಸಕ್ಕೆ ಬರುತ್ತದೆ. ಮಿದುಳಿನಲ್ಲಿ ಇತರ ಕೋಶಗಳನ್ನು ತಡೆಹಿಡಿಯುವುದೇ ಕೆಲಸವಾದ ನರಕೋಶಗಳಿವೆ. ಅವು ಒಟ್ಟಿಗೆ ತಡೆದು, ಒಟ್ಟಿಗೆ ಬಿಡುತ್ತವೆ. ತಡೆದಾಗ ಸುತ್ತಲಿನ ಕೋಶಗಳ ಬಾಗಿಲು ಮುಚ್ಚುತ್ತದೆ, ಬಿಟ್ಟಾಗ ತೆರೆಯುತ್ತದೆ. ಬಾಗಿಲು ತೆರೆದ ಹೊತ್ತಿಗೆ ಸರಿಯಾಗಿ ಬಂದ ಸಂದೇಶಕ್ಕೆ ಒಳಗೆ ಪ್ರವೇಶ. ದೂರದ ಎರಡು ಭಾಗಗಳ ಬಾಗಿಲು ಒಂದೇ ಲಯದಲ್ಲಿ ತೆರೆದರೆ ಅವುಗಳ ನಡುವೆ ಮಾತುಕತೆ ಸಾಧ್ಯ. ಕೋಲಾಟದಲ್ಲಿ ಎದುರಿನವನ ಕೋಲಿಗೆ ಕೋಲು ತಾಗುವುದು ಇಬ್ಬರೂ ಒಂದೇ ಹೆಜ್ಜೆಯಲ್ಲಿದ್ದಾಗ ತಾನೆ?

ಲಯದೊಳಗೆ ಲಯವೂ ಇದೆ. ಒಂದು ಥೀಟಾ ಅಲೆಯ ಮೇಲೆ ಹಲವು ಗಾಮಾ ಅಲೆಗಳು ಕೂತಿರುತ್ತವೆ, ತಾಳದ ಒಂದು ಆವರ್ತದಲ್ಲಿ ಹಲವು ಅಕ್ಷರಗಳು ಕೂತ ಹಾಗೆ. ಥೀಟಾ ಸೆಕೆಂಡಿಗೆ 6, ಗಾಮಾ 40 ಎಂದುಕೊಂಡರೆ ಒಂದು ಆವರ್ತಕ್ಕೆ ಆರೇಳು ಅಕ್ಷರ. 1995ರಲ್ಲಿ ಜಾನ್ ಲಿಸ್ಮನ್ ಮತ್ತು ಮಾರ್ಕೋ ಇಡಿಯಾರ್ಟ್ ಒಂದು ಸಿದ್ಧಾಂತ ಮುಂದಿಟ್ಟರು. ಒಂದೊಂದು ಗಾಮಾದಲ್ಲಿ ಒಂದೊಂದು ವಿಷಯ, ಇಡೀ ಥೀಟಾದಲ್ಲಿ ಅವುಗಳ ಸಾಲು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಏಳರ ಆಸುಪಾಸಿನಷ್ಟು ಸಂಗತಿಗಳನ್ನು ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದಕ್ಕೆ ಇದೇ ಕಾರಣವಿರಬಹುದು ಎಂಬುದು ಅವರ ಸೂಚನೆ. ಸಿದ್ಧಾಂತದ ಎಲ್ಲ ಎಳೆಗಳೂ ಇನ್ನೂ ಸಾಬೀತಾಗಿಲ್ಲ. ಗಾಮಾ ಥೀಟಾದೊಳಗೆ ಕೂರುತ್ತದೆ ಎಂಬುದು ಮಾತ್ರ ಇಲಿಯಲ್ಲೂ ಮನುಷ್ಯನಲ್ಲೂ ಕಂಡ ಸತ್ಯ.

ಥೀಟಾಕ್ಕೆ ಇನ್ನೊಂದು ಹೊಣೆಯೂ ಇದೆಯೆಂದು ಬಾಸ್ಟನ್ನಿನ ಮೈಕೇಲ್ ಹ್ಯಾಸೆಲ್ಮೋ 2002ರಲ್ಲಿ ಸೂಚಿಸಿದರು. ಹೊಸದನ್ನು ಬರೆದುಕೊಳ್ಳುವುದು, ಹಳೆಯದನ್ನು ಓದುವುದು ಎರಡೂ ಒಂದೇ ಜಾಲದಲ್ಲಿ ಒಟ್ಟಿಗೆ ನಡೆದರೆ ಕಲಸಿಹೋಗುತ್ತವೆ. ಅದಕ್ಕಾಗಿ ಅಲೆಯ ಒಂದು ಮಗ್ಗುಲು ಬರೆಯುವುದಕ್ಕೆ, ಇನ್ನೊಂದು ಮಗ್ಗುಲು ಓದುವುದಕ್ಕೆ. ಅಮ್ಮನ ಮಾತು ಇಲ್ಲಿ ನನಗೆ ಮತ್ತೆ ನೆನಪಾಗುತ್ತದೆ. ಅವರ ಮಿದುಳು ಹಳೆಯ ಹೆಸರನ್ನು ಓದಲು ಹೊರಟಿದ್ದಾಗ ನಾನು ಹೊಸ ಹೆಸರುಗಳನ್ನು ಬರೆಸಲು ಹೋಗಿದ್ದೆ.

ನೆನಪಾಗುವ ಮುಂಚಿನ ಎರಡು ಸೆಕೆಂಡು

ಲಯಕ್ಕೂ ನೆನಪಿಗೂ ಇರುವ ನಂಟಿನ ಬಗ್ಗೆ ಹೇಳಿದ್ದರಲ್ಲಿ ಬಹುಪಾಲು ಇಲಿಗಳಿಂದ, ಸಿದ್ಧಾಂತಗಳಿಂದ ಕಲಿತದ್ದು. ಮನುಷ್ಯ ನೆನಪಿಸಿಕೊಳ್ಳುವ ಆ ಘಳಿಗೆಯಲ್ಲೇ ಹಿಪೊಕ್ಯಾಂಪಸ್ಸಿನೊಳಗೆ ಏನಾಗುತ್ತದೆಂದು ಕಿವಿಗೊಟ್ಟು ಕೇಳಿದ ಒಂದು ಪ್ರಯೋಗವನ್ನು ನಿಮ್ಮ ಮುಂದೆ ಬಿಡಿಸಿ ಹೇಳಬೇಕು. ನನ್ನ ಮಟ್ಟಿಗೆ ಇದು ಈ ಉಪನ್ಯಾಸದ ಹೃದಯ.

ಔಷಧಿಗೆ ಬಗ್ಗದ ಮೂರ್ಛೆರೋಗದವರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ, ರೋಗದ ಮೂಲ ಎಲ್ಲಿದೆಯೆಂದು ತಿಳಿಯಲು ಮಿದುಳಿನೊಳಗೆ ತೆಳುವಾದ ತಂತಿಗಳನ್ನು ಇಳಿಸಿ ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಾರೆ. ಇಂಥ ರೋಗಿಗಳು ಒಪ್ಪಿದ್ದರಿಂದ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಯಿತ್ಜಾಕ್ ನಾರ್ಮನ್, ರಫಾಯೆಲ್ ಮಲಾಖ್ ಮತ್ತು ಜೊತೆಗಾರರು ಅವರಿಗೆ ಪ್ರಸಿದ್ಧರ ಮುಖಗಳು, ಪ್ರಸಿದ್ಧ ಸ್ಥಳಗಳು ಇರುವ ಚಿತ್ರಗಳನ್ನು ತೋರಿಸಿದರು. ಸ್ವಲ್ಪ ಬಿಡುವಿನ ನಂತರ ಕಣ್ಣಿಗೆ ಪಟ್ಟಿ ಕಟ್ಟಿ, ನೋಡಿದ್ದನ್ನು ನೆನಪಾದ ಹಾಗೆ ಬಾಯಿಬಿಟ್ಟು ಹೇಳಿ ಎಂದರು. ಯಾವ ಸುಳಿವೂ ಕೊಡಲಿಲ್ಲ. ಕೋಣೆಯಲ್ಲಿ ಮೌನ. ನಡುವೆ ಒಮ್ಮೊಮ್ಮೆ ಒಂದು ಚಿತ್ರದ ವಿವರ, ಮತ್ತೆ ಮೌನ.

ಆ ಮೌನದಲ್ಲೇ ವಿಷಯವಿತ್ತು. ಬಾಯಿಂದ ಮಾತು ಹೊರಡುವುದಕ್ಕೆ ಒಂದೆರಡು ಸೆಕೆಂಡು ಮುಂಚೆ ಹಿಪೊಕ್ಯಾಂಪಸ್ಸಿನಲ್ಲಿ ರಿಪಲ್‌ಗಳ ಸಂಖ್ಯೆ ಏರುತ್ತಿತ್ತು. ಅದರ ಜೊತೆಜೊತೆಗೆ, ಆ ಚಿತ್ರ ನೋಡುವಾಗ ಎಚ್ಚೆತ್ತಿದ್ದ ದೃಷ್ಟಿಯ ಭಾಗಗಳು ಕಣ್ಣು ಕಟ್ಟಿದ್ದಾಗಲೂ ಮತ್ತೆ ಎಚ್ಚರಗೊಳ್ಳುತ್ತಿದ್ದವು. ಚಿತ್ರವನ್ನು ಮೊದಲು ನೋಡುವಾಗ ಹೆಚ್ಚು ರಿಪಲ್ ಎದ್ದಿದ್ದರೆ ಆ ಚಿತ್ರ ಮುಂದೆ ನೆನಪಿಗೆ ಬರುವ ಸಂಭವವೂ ಹೆಚ್ಚು. ಇದು 2019ರ ಆಗಸ್ಟ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ಕರೀಮ್ ಝಗ್ಲೂಲ್ ಅವರ ತಂಡ ಜೋಡಿಪದಗಳನ್ನು ಕಲಿಸಿ ಪರೀಕ್ಷಿಸಿತು. ಮಿದುಳಿನ ಒಳಭಾಗದ ರಿಪಲ್ ಮತ್ತು ಹೊರಪದರದ ರಿಪಲ್ ಒಟ್ಟಿಗೆ ಎದ್ದಾಗ ಉತ್ತರ ಸರಿ ಬರುತ್ತಿತ್ತು. ಪದ ಕಲಿಯುವಾಗ ನರಕೋಶಗಳು ಯಾವ ಸರದಿಯಲ್ಲಿ ಮಿಡಿದಿದ್ದವೋ ನೆನಪಾಗುವಾಗಲೂ ಅದೇ ಸರದಿ ಮರಳುತ್ತದೆಂದು ಅದೇ ತಂಡ 2020ರಲ್ಲಿ ತೋರಿಸಿತು.

ಇದರ ಅರ್ಥವನ್ನು ಸ್ವಲ್ಪ ನಿಂತು ಗಮನಿಸಿ. "ನೆನಪಾಯಿತು" ಎಂದು ನಾವು ಹೇಳುವ ಮುಂಚೆಯೇ ನೆನಪು ಹೊರಟಿರುತ್ತದೆ. ಒಳಗೆ ಕಿರುಅಲೆ ಏಳುತ್ತದೆ, ಹೊರಪದರ ಅದಕ್ಕೆ ದನಿಗೂಡಿಸುತ್ತದೆ, ಹಳೆಯ ಸಾಲು ಮತ್ತೆ ಹೆಣೆದುಕೊಳ್ಳುತ್ತದೆ, ಆಮೇಲೆ ಮಾತು ಹೊರಡುತ್ತದೆ. ಬರ್ತಾ ಇತ್ತು ಎಂದ ಅಮ್ಮ ಅಕ್ಷರಶಃ ನಿಜ ಹೇಳಿದ್ದರು.

ರಾತ್ರಿ ನೆನೆಹಾಕಿದ ಕಾಳು

ನೆನೆ ಎಂಬ ಕನ್ನಡದ ಕ್ರಿಯಾಪದಕ್ಕೆ ಎರಡು ಅರ್ಥ. ಜ್ಞಾಪಿಸಿಕೊಳ್ಳುವುದೂ ನೆನೆಯುವುದೇ, ನೀರಿನಲ್ಲಿ ತೊಯ್ಯುವುದೂ ನೆನೆಯುವುದೇ. ರಾತ್ರಿ ನೆನೆಹಾಕಿದ ಕಡಲೆಕಾಳು ಬೆಳಗ್ಗೆ ಉಬ್ಬಿರುತ್ತದೆ. ನೆನಪಿಗೂ ಅಂಥದೇ ಒಂದು ರಾತ್ರಿ ಬೇಕು.

ಹಗಲು ಚಕ್ರವ್ಯೂಹದಂಥ ದಾರಿಯಲ್ಲಿ ಓಡಾಡಿದ ಇಲಿ ಮಲಗಿದಾಗ, ಓಡಾಟದಲ್ಲಿ ಜೊತೆಯಾಗಿ ಮಿಡಿದ ಕೋಶಗಳೇ ನಿದ್ದೆಯಲ್ಲೂ ಜೊತೆಯಾಗಿ ಮಿಡಿಯುತ್ತವೆಂದು ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲಿ ಕಂಡರು. ಕಲಿತ ಮೇಲಿನ ನಿದ್ದೆಯಲ್ಲಿ ಏಳುವ ರಿಪಲ್‌ಗಳನ್ನು ಎದ್ದೆದ್ದಂತೆ ಅಳಿಸಿಹಾಕಿದರೆ ಇಲಿಯ ಕಲಿಕೆ ಹಿಂದೆ ಬೀಳುತ್ತದೆಂದು 2009ರಲ್ಲಿ ಗಾಬ್ರಿಯೆಲ್ ಜಿರಾರ್ದೋ ಮತ್ತು ಸಂಗಡಿಗರು ತೋರಿಸಿದರು. ಗಾಢ ನಿದ್ದೆಯಲ್ಲಿ ಮೂರು ಲಯಗಳು ಒಂದರೊಳಗೊಂದು ಕೂಡುತ್ತವೆ: ಹೊರಪದರದ ನಿಧಾನದ ದೊಡ್ಡ ಅಲೆ, ಅದರ ಏರಿನ ಮೇಲೆ ಕದಿರಿನ ಆಕಾರದ ಸ್ಪಿಂಡಲ್ ಅಲೆ, ಅದರ ಮಡಿಲಲ್ಲಿ ಹಿಪೊಕ್ಯಾಂಪಸ್ಸಿನ ರಿಪಲ್. ಮೂರೂ ಸಮಯಕ್ಕೆ ಸರಿಯಾಗಿ ಕೂಡಿದಾಗ ಹಗಲಿನ ಕಲಿಕೆ ಹೊರಪದರದಲ್ಲಿ ಬೇರೂರುತ್ತದೆ.

ಜರ್ಮನಿಯ ಬ್ಯೋರ್ನ್ ರಾಶ್ ಮತ್ತು ಸಂಗಡಿಗರು 2007ರಲ್ಲಿ ಒಂದು ಸುಂದರ ಪ್ರಯೋಗ ಮಾಡಿದರು. ಗುಲಾಬಿಯ ಪರಿಮಳ ಹರಡಿದ ಕೋಣೆಯಲ್ಲಿ ಜೋಡಿ ಕಾರ್ಡುಗಳ ಜಾಗ ಕಲಿಸಿದರು. ರಾತ್ರಿ ಗಾಢ ನಿದ್ದೆಯಲ್ಲಿದ್ದಾಗ ಅದೇ ಪರಿಮಳ ಮತ್ತೆ ಮೂಗಿಗೆ ತಾಗಿಸಿದರು. ಬೆಳಗ್ಗೆ ಕಾರ್ಡುಗಳ ಜಾಗ ಹೆಚ್ಚು ಚೆನ್ನಾಗಿ ನೆನಪಿತ್ತು. ಎಚ್ಚರದಲ್ಲೋ ಕನಸಿನ ನಿದ್ದೆಯಲ್ಲೋ ಕೊಟ್ಟ ಪರಿಮಳದಿಂದ ಈ ಲಾಭ ಸಿಗಲಿಲ್ಲ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೂ ಅವರ ತಂದೆ ತಾಯಿಗೂ ನನ್ನ ಕಳಕಳಿಯ ಮಾತು ಇದು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದಿಸಿ, ಐದಕ್ಕೆ ಎಬ್ಬಿಸಿ ಕೂರಿಸಿದರೆ ಕಾಳನ್ನು ನೀರಿಗೆ ಹಾಕಿ ಕೂಡಲೇ ತೆಗೆದ ಹಾಗಾಗುತ್ತದೆ. ನಿದ್ದೆಯೂ ಓದಿನ ಒಂದು ಭಾಗವೇ.

ಲಯ ಸಡಿಲಾದಾಗ

ವಯಸ್ಸಾದಂತೆ ಈ ಹೊಂದಾಣಿಕೆ ಸಡಿಲವಾಗುತ್ತದೆ. ಹಿರಿಯರ ನಿದ್ದೆಯಲ್ಲಿ ನಿಧಾನದ ಅಲೆಯೂ ಸ್ಪಿಂಡಲ್ಲೂ ಇರುತ್ತವೆ, ಆದರೆ ಒಂದಕ್ಕೊಂದು ಸ್ವಲ್ಪ ಹಿಂದುಮುಂದಾಗುತ್ತವೆ. ಆ ವ್ಯತ್ಯಾಸಕ್ಕೆ ತಕ್ಕಂತೆ ಬೆಳಗಿನ ನೆನಪೂ ಕುಗ್ಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದರು. ಬಾಸ್ಟನ್ನಿನ ರಾಬರ್ಟ್ ರೈನ್‌ಹಾರ್ಟ್ ಮತ್ತು ಜಾನ್ ನುಯೆನ್ 2019ರಲ್ಲಿ 60ರಿಂದ 76 ವರ್ಷದವರ ತಲೆಗೆ 25 ನಿಮಿಷ ಅತಿ ಮೆದುವಾದ ವಿದ್ಯುತ್ತನ್ನು ಅವರವರ ಥೀಟಾ ಲಯಕ್ಕೆ ಹೊಂದಿಸಿ ಹರಿಸಿದರು. ಎರಡು ಚಿತ್ರಗಳ ವ್ಯತ್ಯಾಸ ಗುರುತಿಸುವ ತಾತ್ಕಾಲಿಕ ಸ್ಮರಣೆಯ ಪರೀಕ್ಷೆಯಲ್ಲಿ ಅವರು ಇಪ್ಪತ್ತರ ಹರೆಯದವರ ಮಟ್ಟಕ್ಕೆ ಬಂದರು; ಪರಿಣಾಮ ಅಳತೆ ಮಾಡಿದ 50 ನಿಮಿಷವೂ ಉಳಿಯಿತು. ಇದು ಪ್ರಯೋಗಾಲಯದ ಫಲಿತಾಂಶ, ಮನೆಮದ್ದಲ್ಲ. ನೆನಪಿನ ಶಕ್ತಿ ಹೆಚ್ಚಿಸುತ್ತೇವೆಂದು ತಲೆಗೆ ತೊಡಿಸುವ ಪಟ್ಟಿಗಳನ್ನು ಮಾರುವವರಿಗೆ ದುಡ್ಡು ಕೊಡಬೇಡಿ. ಆದರೆ ಈ ಪ್ರಯೋಗ ಒಂದು ದೊಡ್ಡ ಭರವಸೆ ಕೊಡುತ್ತದೆ: ಹಿರಿಯರಲ್ಲಿ ಕುಗ್ಗಿದ್ದೆಲ್ಲವೂ ಕಳೆದುಹೋದದ್ದಲ್ಲ, ಕೆಲವು ಲಯ ತಪ್ಪಿದ್ದು ಮಾತ್ರ.

ನಮ್ಮ ಬೆಂಗಳೂರಿನಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಂ ರೇ ಅವರ ತಂಡ ಹಿರಿಯರಿಗೆ ಪರದೆಯ ಮೇಲೆ ಕಪ್ಪು ಬಿಳಿ ಪಟ್ಟೆಗಳನ್ನು ತೋರಿಸಿ, ಆಗ ಏಳುವ ಗಾಮಾ ಅಲೆಯನ್ನು ಇಇಜಿಯಲ್ಲಿ ಅಳೆಯಿತು. ವಯಸ್ಸಿನ ಜೊತೆ ಅದು ಕುಗ್ಗುತ್ತದೆಂದು 2020ರಲ್ಲಿ, ಅಲ್ಝೈಮರ್ ಅಥವಾ ಅದರ ಮುನ್ನಿನ ಹಂತದಲ್ಲಿರುವವರಲ್ಲಿ ಅದೇ ವಯಸ್ಸಿನ ಆರೋಗ್ಯವಂತರಿಗಿಂತ ಇನ್ನೂ ಕ್ಷೀಣವಾಗಿರುತ್ತದೆಂದು 2021ರಲ್ಲಿ ಪ್ರಕಟಿಸಿತು. ಇದು ನೋಟಕ್ಕೆ ಸಂಬಂಧಿಸಿದ ಗಾಮಾ, ನೆನಪಿನದಲ್ಲ. ಆದರೂ ಕಾಯಿಲೆಯನ್ನು ಬೇಗ ಗುರುತಿಸಲು ಇಇಜಿಯಂಥ ಅಗ್ಗದ, ನೋವಿಲ್ಲದ ಪರೀಕ್ಷೆ ನೆರವಾಗುವಂತಾದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಅದೇ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ಈ ವಿಜ್ಞಾನ ನಮ್ಮ ಜನರ ನಡುವಿನಿಂದಲೂ ಬೆಳೆಯುತ್ತಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಕೊನೆಯದಾಗಿ

ಗೆಳೆಯರೇ, ವಿಜ್ಞಾನ ಕೊಟ್ಟ ತಿಳಿವಳಿಕೆ ಮನೆಯ ನಡವಳಿಕೆಯಾಗಿ ಬದಲಾಗದಿದ್ದರೆ ಅದು ಅರ್ಧ ತಿಳಿವಳಿಕೆ. ನಮ್ಮ ಮನೆಗಳಲ್ಲಿ ಹಿರಿಯರು ಮಾತಿನ ಮಧ್ಯೆ ನಿಲ್ಲುತ್ತಾರೆ. ನಾವು ಅವಸರದಲ್ಲಿ ಅವರ ವಾಕ್ಯ ಮುಗಿಸಿಬಿಡುತ್ತೇವೆ. "ನಿಮಗೆ ಮರೆವು ಜಾಸ್ತಿಯಾಯ್ತು" ಎಂದೂ ಸೇರಿಸುತ್ತೇವೆ. ಇನ್ನು ಮುಂದೆ ಹಾಗೆ ಮಾಡಬೇಡಿ. ಅವರು ನಿಂತಾಗ ನೀವೂ ನಿಲ್ಲಿ. ಬೇಕೆನಿಸಿದರೆ ಹೆಸರಿನ ಬದಲು ಒಂದು ಎಳೆ ಕೊಡಿ: ಆ ಮನೆ ಯಾವ ಬೀದಿಯಲ್ಲಿತ್ತು, ಅಂದು ಏನು ಅಡುಗೆ ಮಾಡಿದ್ದರು ಎಂದು ಕೇಳಿ. ಮರೆವು ದಿನದ ಕೆಲಸಕ್ಕೇ ಅಡ್ಡಿಯಾಗುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಉಳಿದ ಎಲ್ಲ ಹೊತ್ತಿನಲ್ಲೂ ಅವರ ಮೌನಕ್ಕೆ ಎರಡು ಸೆಕೆಂಡು ಹೆಚ್ಚು ಕೊಡಿ. ಆ ಎರಡು ಸೆಕೆಂಡಿನಲ್ಲಿ ಒಳಗೆ ಒಂದು ಅಲೆ ಏಳುತ್ತಿರುತ್ತದೆ.

ಅಮ್ಮನಿಗೆ ಅಂದು ಬಂದ ಹೆಸರು ಪಾರ್ವತಿ. ನಾನು ಹೇಳಿದ ಹೆಸರುಗಳಲ್ಲಿ ಅದು ಇರಲೇ ಇಲ್ಲ.